ಹ್ಯಾನಾಳ ತವರುಮನೆ

ಇವತ್ತು ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸಗಳಿವು: ಡಿಶ್‌ವಾಷರ್ ಖಾಲಿ ಮಾಡಿದ್ದು, ಹಾಲಿಗೆ ಹೆಪ್ಪು ಹಾಕಿದ್ದು, ಒಂಟಿ ಸಾಕ್ಸುಗಳಿಗೆ ಜೋಡಿ ಹುಡುಕಿ ಸೋತದ್ದು, ಮತ್ತು ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ಕೈಯಲ್ಲಿದ್ದಾಗ ಬದುಕಿದ್ದ ಹ್ಯಾನಾ ಎಂಬ ಹೆಂಗಸಿನ ತವರುಮನೆ ಹುಡುಕಿ ಅಲ್ಲಿಯೂ ಸೋತದ್ದು.

ಹ್ಯಾನಾ ನನಗೇನೂ ಆಗಬೇಕಾಗಿಲ್ಲ. ಅಮೆರಿಕದ ಡರ್ಹಮ್‌ನಲ್ಲಿ ನಮ್ಮ ಪಕ್ಕದ ಮನೆಯ ಪೆಗ್ಗಿಗೆ ಅವಳು ಅಜ್ಜಿಯ ಅಜ್ಜಿಗೂ ಹಿಂದಿನ ಅಜ್ಜಿ. ಎಪ್ಪತ್ತು ದಾಟಿದ ಪೆಗ್ಗಿ ಹಳೆಯ ಕೋರ್ಟಿನ ಕಾಗದಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಾರೆ. ಗಂಡಸರೆಲ್ಲ ಅಪ್ಪ, ಅಜ್ಜ, ಕುದುರೆ ಸಮೇತ ಸಿಕ್ಕಿದ್ದಾರೆ. ಹ್ಯಾನಾ ಮಾತ್ರ ಎಲ್ಲ ಕಡೆ ‘ಇಂಥವನ ಹೆಂಡತಿ’. ನಾಳೆ ಬಂಧುಗಳೆಲ್ಲ ಸೇರುವಾಗ ಗೋಡೆಗೆ ಹಚ್ಚುವ ವಂಶವೃಕ್ಷದಲ್ಲಿ ಅವಳ ಮುಂದೆ ‘ಗೊತ್ತಿಲ್ಲ’ ಎಂದು ಬರೆಯಲು ಪೆಗ್ಗಿಗೆ ಕೈಯೇ ಬರುತ್ತಿಲ್ಲ.

ಪೆಗ್ಗಿಯ ಮನೆಯಲ್ಲಿ ಕೂತು ನೋಡಿದ, ಹ್ಯಾನಾಳ ಗಂಡ ಜಮೀನು ಮಾರಿದ ಕಾಗದದಲ್ಲಿ ‘ಡವರ್’ ಎಂದಿತ್ತು. ನಾನು ಅದನ್ನು ಡೌರಿ ಎಂದೇ ಓದಿಕೊಂಡು, ಪೆಗ್ಗಿಯ ಕೈ ಹಿಡಿದು, “ಬೇಜಾರು ಮಾಡ್ಕೋಬೇಡಿ, ವರದಕ್ಷಿಣೆ ನಮ್ಮಲ್ಲೂ ಇತ್ತು, ಈಗಲೂ ಇದೆ” ಎಂದು ಸಮಾಧಾನ ಹೇಳಿದೆ. ಪೆಗ್ಗಿ ಕನ್ನಡಕ ತೆಗೆದು ನಕ್ಕರು. “ಹನೀ, ಇದು ಪೂರಾ ಉಲ್ಟಾ. ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲು ಅವಳು ಬದುಕಿರೋವರೆಗೂ ಅವಳದು. ಅವನು ಮೊದಲೇ ಮಾರಬೇಕಾದರೆ ಕೋರ್ಟಿನವರು ಅವಳನ್ನು ಗಂಡನಿಂದ ದೂರ ಕರೆದು, ‘ಇದು ನಿನ್ನ ಮನಸಾರೆ ಒಪ್ಪಿಗೆಯೋ, ಅವನ ಬಲವಂತವೋ’ ಅಂತ ಕೇಳ್ತಿದ್ದರು.” ಇಷ್ಟೆಲ್ಲ ಮರ್ಯಾದೆಯಿಂದ ವಿಚಾರಿಸಿದ ಪುಣ್ಯಾತ್ಮರು, ‘ನೀನು ಯಾರ ಮಗಳಮ್ಮ?’ ಎಂದು ಮಾತ್ರ ಕೇಳಿರಲಿಲ್ಲ.

ನನಗೆ ಸ್ವಲ್ಪ ಜಂಬ ಬಂತು. ನಮ್ಮ ಧಾರವಾಡದಲ್ಲಾದರೆ ಹೀಗಾಗುವುದಿಲ್ಲ, ಗೋತ್ರ ಸಮೇತ ಎಲ್ಲ ನೆನಪಿರುತ್ತದೆ ಎಂದೆ. “ಹಾಗಾದರೆ ನಿನ್ನ ತಾಯಿಯ ತಾಯಿ?” ಎಂದರು. ಗಂಗಾಬಾಯಿ. “ಅದು ಹುಟ್ಟು ಹೆಸರಾ?”

ಅಲ್ಲಿ ಸಿಕ್ಕಿಬಿದ್ದೆ. ನಮ್ಮ ಮನೆಗಳಲ್ಲಿ ಮದುವೆಯ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹುಡುಗಿಗೆ ಹೊಸ ಹೆಸರು ಬರೆಯುತ್ತಾರೆ. ಮನೆತನದ ಹೆಸರಷ್ಟೇ ಅಲ್ಲ, ಕರೆಯುವ ಹೆಸರೇ ಬದಲು. ನಾನೇ ಕುಸುಮಾ ಎಂದು ಮಣೆಯ ಮೇಲೆ ಕುಳಿತು ವೈಜಯಂತಿ ಎಂದು ಎದ್ದವಳು. ಅಜ್ಜಿ ಏನಾಗಿ ಕುಳಿತಿದ್ದಳು? ಪೆಗ್ಗಿಯ ಮೇಜಿನಿಂದಲೇ ಅವ್ವನಿಗೆ ಫೋನು ಮಾಡಿದೆ.

“ಅಯ್ಯ, ನಾವು ಅವ್ವಾ ಅಂತಿದ್ವಿ. ಅಪ್ಪಾ ‘ಏನ ಕೇಳಸ್ತೇನು’ ಅಂತಿದ್ರು. ಹೆಸರು ಯಾರಿಗೆ ಬೇಕಾಗಿತ್ತು?” ಎಂದಳು. ಆಮೇಲೆ ದನಿ ತಗ್ಗಿಸಿ, “ಸೋದರಮಾವಗ ಗೊತ್ತಿತ್ತು. ಅವನೂ ಹೋದಾ. ಕೇಳಬೇಕಾಗಿತ್ತು ನಾ” ಎಂದಳು.

ಪೆಗ್ಗಿಗೆ ಕನ್ನಡ ಬಾರದಿದ್ದರೂ ಅರ್ಥವಾಗಿರಬೇಕು. ಪೆನ್ನು ತೆಗೆದುಕೊಂಡು ‘ಹ್ಯಾನಾ’ ಎಂದು ಬರೆದು, ಮುಂದೆ ‘ಯಾರದೋ ಮಗಳು’ ಎಂದು ಸೇರಿಸಿದರು. ಗೊತ್ತಿಲ್ಲ ಎನ್ನುವುದಕ್ಕಿಂತ ಅದು ಎಷ್ಟೋ ವಾಸಿ ಅನ್ನಿಸಿತು.

ಮನೆಗೆ ಬಂದು ನಮ್ಮವರಿಗೆ ಹ್ಯಾನಾಳ ಕಥೆ, ಅಜ್ಜಿಯ ಹೆಸರು, ಅಕ್ಕಿಯ ಮೇಲೆ ಬದಲಾದ ನನ್ನ ಹೆಸರು ಎಲ್ಲ ಹೇಳಿ ಕೇಳಿದೆ: “ಹುಬ್ಬಳ್ಳಿ ಪ್ಲಾಟು ಮಾರೂವಾಗ ನನ್ನನ್ನ ಯಾರರೆ ಬ್ಯಾರೆ ಕರದು ಒಪ್ಪಿಗಿ ಕೇಳಿದ್ರೇನ್ರೀ?”

“ನನ್ನನ್ನೂ ಯಾರೂ ಕೇಳಿಲ್ಲ. ಮಾರ್ರಿ ಅಂದಾಕಿ ನೀನ” ಎಂದರು.

ಹೈಸ್ಕೂಲಿನಲ್ಲಿರುವ ಮಗಳು ಅನಘಾ ಫೋನಿನಿಂದ ತಲೆ ಎತ್ತಿ, “ಅಮ್ಮಾ, ವೇಟ್. ನಿನ್ ಹೆಸ್ರು ಮೊದ್ಲು ಬೇರೆ ಇತ್ತಾ? ಯಾಕೆ ನಂಗೆ ಹೇಳಿಲ್ಲ?” ಎಂದಳು. ಹ್ಯಾನಾಳಿಗಾದರೂ ಕಾಣೆಯಾಗಲು ಇನ್ನೂರು ಮುನ್ನೂರು ವರ್ಷ ಹಿಡಿದಿತ್ತು. ನಾನು ಬದುಕಿರುವಾಗಲೇ, ಅದೂ ನನ್ನದೇ ಅಡುಗೆಮನೆಯಲ್ಲಿ ಕಾಣೆಯಾಗಿದ್ದೆ. ಹೆಸರು ಹೇಳಿದೆ. ಅವಳು ಎರಡು ಸಲ ತಪ್ಪಾಗಿ, ಮೂರನೆಯ ಸಲ ಸರಿಯಾಗಿ ಅಂದಳು.

ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ನಮ್ಮವರೇ ಮೊದಲು ಸೋಫಾದ ಮೇಲೆ ಮಲಗಿದರು. ಕಣ್ಣು ಮುಚ್ಚಿಕೊಂಡೇ, “ವೈಜೂ, ಆ ಟೀವಿ ಆಫ್ ಮಾಡ” ಎಂದರು. ಬೇರೆ ಯಾರನ್ನೋ ಕರೆದಿರಬೇಕೆಂದು ನಾನು ಸುಮ್ಮನೆ ಕುಳಿತೆ. ಗೊರಕೆ ಶುರುವಾದ ಮೇಲೆ, ಆ ಬೇರೆ ಯಾರೋ ಬರುವ ಲಕ್ಷಣ ಕಾಣದೆ, ನಾನೇ ಎದ್ದು ಆಫ್ ಮಾಡಿದೆ.