ಎಣ್ಣೆಯ ಮೇಲಿನ ರವೆ

ಮನೆಯಲ್ಲಿ ತಮ್ಮ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬುದು ವಿಜ್ಞಾನದ ಮೇಷ್ಟ್ರ ಹಳೆಯ ದೂರು. ಈಗ ಶಾಲೆಯಲ್ಲೂ ಅದೇ ಗತಿ ಬರುವಂತಿತ್ತು. ಹೆಡ್‌ಮೇಡಂ ನೇರವಾಗಿಯೇ ಹೇಳಿದ್ದರು: "ಸೋಮವಾರ ನಿಮ್ಮ ಕ್ಲಾಸಿಗೆ ಬಂದು ಕೂತ್ಕೊಳ್ತೀನಿ. ಬರೀ ಬೋರ್ಡ್ ಮೇಲೆ ಗೆರೆ ಎಳೆಯೋದಾದ್ರೆ ನಿಮಗೆ ಪ್ರಯೋಗಶಾಲೆ ಯಾಕೆ? ಸಂಗೀತದ ಟೀಚರ್ ಆ ಕೊಠಡಿ ಕೇಳ್ತಿದ್ದಾರೆ."

ಹದಿನಾಲ್ಕು ವರ್ಷ ತಾವೇ ಒರೆಸಿ ಇಟ್ಟುಕೊಂಡ ಕೊಠಡಿ. ಮೇಷ್ಟ್ರಿಗೆ ನಿಜಕ್ಕೂ ಸಂಕಟವಾಯಿತು.

ಹಾಗಾಗಿ ಭಾನುವಾರ ಮಧ್ಯಾಹ್ನ ಊಟದ ಮೇಜು ಸಂಶೋಧನಾ ಮಂದಿರವಾಯಿತು. ಗಾಜಿನ ತಟ್ಟೆಯಲ್ಲಿ ಅತ್ತೆಯ ಮಂಡಿನೋವಿನ ಹರಳೆಣ್ಣೆ (ಕೇಳಿ ಪಡೆದದ್ದಲ್ಲ), ಅದರ ಮೇಲೆ ಅಡುಗೆಮನೆಯ ರವೆ (ಇದೂ ಅಲ್ಲ), ಪಕ್ಕದಲ್ಲಿ ಶಾಲೆಯ ವಿದ್ಯುತ್ ಪೆಟ್ಟಿಗೆ. ಹೆಂಡತಿಯೂ ಅತ್ತೆಯೂ ಪ್ರೇಕ್ಷಕರು.

"ಒಂದು ತಂತಿ ಧನ, ಇನ್ನೊಂದು ಋಣ. ರವೆಯ ಕಾಳು ಸಾಲಾಗಿ ನಿಂತು ಈ ತುದಿಯಿಂದ ಆ ತುದಿಗೆ ಕಮಾನು ಕಟ್ಟುತ್ವೆ. ಅದೇ ವಿದ್ಯುತ್ ಕ್ಷೇತ್ರದ ಚಿತ್ರ," ಎಂದು ಮೇಷ್ಟ್ರು ಸ್ವಿಚ್ ಒತ್ತಿದರು.

ರವೆ ಸಾಲು ಕಟ್ಟಿತು, ಕಮಾನು ಮಾತ್ರ ಇಲ್ಲ. ಎರಡೂ ತುದಿಯ ಸಾಲುಗಳು ಒಂದನ್ನೊಂದು ಸೇರದೆ ಆಚೀಚೆ ಬಾಗಿ ಹೋದವು. ನಡುವೆ ಖಾಲಿ ಜಾಗ.

"ಜಗಳ ಆಡಿದವರ ಥರ ಇವೆ," ಎಂದರು ಅತ್ತೆ. "ಇಬ್ಬರೂ ಮುಖ ತಿರುಗಿಸ್ಕೊಂಡಿದ್ದಾರೆ, ಮಧ್ಯೆ ಕಾಲಿಡೋಕೆ ಯಾರಿಗೂ ಧೈರ್ಯ ಇಲ್ಲ."

"ಅತ್ತೆ, ಇದು ವಿಜ್ಞಾನ. ರವೆ ಹಳೇದಿರಬೇಕು."

"ನಿನ್ನೆ ತಂದಿದ್ದು ರೀ," ಎಂದಳು ಹೆಂಡತಿ.

ಎಣ್ಣೆ ಬದಲಾಯಿತು, ರವೆ ಜರಡಿ ಹಿಡಿದದ್ದಾಯಿತು, ಜಗಳ ಮಾತ್ರ ಬಗೆಹರಿಯಲಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ಕೊಠಡಿಯ ಬೀಗದಕೈಯನ್ನು ಸಂಗೀತದ ಟೀಚರಿಗೆ ಒಪ್ಪಿಸಿ ತಲೆಮೇಲೆ ಕೈಹೊತ್ತು ಕೂತರು.

"ಅಳಿಯಂದಿರೇ," ಅತ್ತೆ ಕನ್ನಡಕ ಸರಿಮಾಡಿಕೊಂಡರು, "ಎರಡೂ ತಂತಿ ಒಂದೇ ತೂತಿಗೆ ಹೋಗಿದೆಯಲ್ಲ, ಅದು ಹಾಗೇ ಇರಬೇಕಾ?"

ಮೇಷ್ಟ್ರು ಬಗ್ಗಿ ನೋಡಿದರು. ಎರಡೂ ತಂತಿ ಕೆಂಪು. ಕೆಂಪು ತಂತಿ ಕೆಂಪು ತೂತಿಗೆ ಎಂಬುದು ಹದಿನಾಲ್ಕು ವರ್ಷದ ರೂಢಿ. ಕೈ ತಾನಾಗಿ ಹೋಗಿತ್ತು.

"ಕಪ್ಪು ತಂತಿ ಎಲ್ಲಿ?"

ಹೆಂಡತಿ ಬಟ್ಟೆ ಹೊಲಿಯುವವಳು, ಅಚ್ಚುಕಟ್ಟಿನವಳು. "ಹೊದಿಕೆ ಹರಿದಿತ್ತಲ್ಲ, ಎರಡಕ್ಕೂ ಹೊಸ ಬಟ್ಟೆ ಸುತ್ತಿ ಹೊಲಿದೆ. ಜೊತೆ ಅಂದ್ಮೇಲೆ ಒಂದೇ ಬಣ್ಣ ಇರಬೇಕಲ್ವಾ?"

ಮರುದಿನ ತರಗತಿಯಲ್ಲಿ ಕಮಾನು ಸೊಗಸಾಗಿ ಮೂಡಿತು. ಹಿಂದಿನ ಬೆಂಚಿನಿಂದ ಹೆಡ್‌ಮೇಡಂ ಕೇಳಿದರು: "ಎರಡೂ ಒಂದೇ ಥರದ್ದಾದರೆ?"

ಮೇಷ್ಟ್ರು ತಂತಿ ಬದಲಾಯಿಸಿದರು. ಬಾಯಿಗೆ ಬಂದದ್ದು ಅತ್ತೆಯ ಮಾತು: "ಜಗಳ ಆಡಿದವರ ಥರ ಮೇಡಂ. ಇಬ್ಬರೂ ಮುಖ ತಿರುಗಿಸ್ಕೊಳ್ತಾರೆ."

ಮಕ್ಕಳೆಲ್ಲ ನಕ್ಕರು. "ಇಷ್ಟು ವರ್ಷದಲ್ಲಿ ನೀವು ಹೇಳಿದ್ದು ನನಗೆ ಅರ್ಥ ಆಗಿದ್ದು ಇದೇ ಮೊದಲು. ಯಾವ ಪುಸ್ತಕದ್ದು?" ಎಂದರು ಹೆಡ್‌ಮೇಡಂ.

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಅದೇ ಅವರ ಗ್ರಹಚಾರ.

ಕೊಠಡಿ ಉಳಿಯಿತು. ಈಗ ಪ್ರತಿ ಗುರುವಾರ ಮೇಷ್ಟ್ರ ಕುರ್ಚಿಯಲ್ಲಿ ಅತ್ತೆ ಕೂತು ಪಾಠ ಹೇಳುತ್ತಾರೆ. ಮೇಷ್ಟ್ರು ಪಕ್ಕದಲ್ಲಿ ಎಣ್ಣೆ ಬಾಟಲಿ ಹಿಡಿದು ನಿಂತಿರುತ್ತಾರೆ.

"ರವೆ ಸ್ವಲ್ಪ ಕಮ್ಮಿ ಹಾಕಿ ಅಳಿಯಂದಿರೇ," ಎನ್ನುತ್ತಾರೆ ಅತ್ತೆ. ಮೇಷ್ಟ್ರು ಕಮ್ಮಿ ಹಾಕುತ್ತಾರೆ.