ಜಗಳ ಕಾಣೆಯಾಗಿದೆ

ಸೂಗಪ್ಪನಿಗೆ ಇಟಾಲಿಯನ್ ಬರುತ್ತದೆ ಎಂದರೆ ಇಟಲಿಯವರು ಒಪ್ಪುತ್ತಿರಲಿಲ್ಲ. ಬರುವುದಿಲ್ಲ ಎಂದರೆ ಸೂಗಪ್ಪ ಒಪ್ಪುತ್ತಿರಲಿಲ್ಲ. ಬೇಗಂಪೇಟೆ ಸ್ಟೇಷನ್ನಿನ ಹಿಂದೆ, ಟೈಪಿಂಗ್ ಕ್ಲಾಸಿನ ಮೇಲಿನ ಮಾಳಿಗೆಯಲ್ಲಿ ಮೂರು ತಿಂಗಳು ಕಲಿತು ಒಂದು ಸರ್ಟಿಫಿಕೇಟು ಪಡೆದಿದ್ದ, ಅಷ್ಟೆ. ಆದರೆ ಅದು ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ. ಆಯುಧಪೂಜೆಗೆ ಕೀಬೋರ್ಡಿಗೆ ಕುಂಕುಮ ಹಚ್ಚಲು ಬಂದವನಿಗೂ ಕೆಲಸ ಸಿಗುತ್ತಿತ್ತು. (ಹಾಗೆ ಬಂದ ಒಬ್ಬ ಪುರೋಹಿತರ ಅಳಿಯ ಈಗ ಟೀಮ್ ಲೀಡರ್.) ಹೀಗೆ ಕಲಬುರ್ಗಿಯ ಬಿ.ಕಾಂ. ಸೂಗಪ್ಪ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 'ಭಾಷಾತಜ್ಞ'ನಾಗಿ ಪೀಠಾರೋಹಣ ಮಾಡಿದ. ಆರು ತಿಂಗಳು ತಾತ್ಕಾಲಿಕ. ಕೆಲಸ ಮೆಚ್ಚಿಗೆಯಾದರೆ ಕಾಯಂ.

ಐದು ತಿಂಗಳು ಅವನಿಗೆ ಯಾರೂ ಇಟಾಲಿಯನ್ ಕೇಳಲಿಲ್ಲ. ಆರನೆಯ ತಿಂಗಳ ಒಂದು ಶನಿವಾರ ಮ್ಯಾನೇಜರ್ ರಾಮಕೃಷ್ಣ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಹನ್ನೆರಡು ಇಂಗ್ಲಿಷ್ ಮಾತುಗಳು.

"ಶುಗರಪ್ಪಾ, ಮಂಡೇಕಿ ಇಟಾಲಿಯನ್‌ಲೋ ಕಾವಾಲಿ. ದೀನಿ ಮೀದೇ ನೀ ಉದ್ಯೋಗಂ," ಎಂದರು. (ಸೋಮವಾರಕ್ಕೆ ಬೇಕು, ನಿನ್ನ ನೌಕರಿ ಇದರ ಮೇಲೇ ನಿಂತಿದೆ ಎಂದು ತಾತ್ಪರ್ಯ. ಸೂಗಪ್ಪ ಅವರ ಬಾಯಲ್ಲಿ ಶುಗರಪ್ಪ ಆದದ್ದಕ್ಕೆ ತಾತ್ಪರ್ಯವಿಲ್ಲ.) ಇದು ಯಾರಿಗೆ, ಯಾವ ಕೆಲಸಕ್ಕೆ ಎಂದು ಸೂಗಪ್ಪ ಕೇಳಲಿಲ್ಲ. ತಜ್ಞರು ಅಂಥದ್ದನ್ನೆಲ್ಲ ಕೇಳಬಾರದೆಂದು ಅವನ ನಂಬಿಕೆ.

ಭಾನುವಾರ ಬೆಳಿಗ್ಗೆ ಬಾಲಾನಗರದ ಬಾಡಿಗೆ ಮನೆಯಲ್ಲಿ ಹಾಳೆ ಬಿಚ್ಚಿ ನೋಡಿದ. ಕಟ್ ಟೈಸ್. ಆರ್ಗ್ಯುಮೆಂಟ್. ಆರ್ಗ್ಯುಮೆಂಟ್ ಮಿಸ್ಸಿಂಗ್. ಸೆಪರೇಟ್. ಬ್ರೇಕ್. ಸೂಗಪ್ಪ ಅರ್ಥ ಕೂಡಿಸಿದ. ಸಂಬಂಧ ಕಡಿದುಕೊಳ್ಳುವುದು, ಜಗಳ, ಬೇರೆಯಾಗುವುದು, ಮುರಿಯುವುದು! ಯಾವುದೋ ಸಂಸಾರ ಒಡೆಯುತ್ತಿದೆ, ಪಾಪ.

ನಿಘಂಟು ತೆಗೆದರೆ ಜಗಳಕ್ಕೆ ಇಟಾಲಿಯನ್ನಿನಲ್ಲಿ ಒಂದಲ್ಲ, ಐದು ಪದ. ಜೊತೆಗೆ 'ಆರ್ಗೊಮೆಂತೊ' ಎಂಬುದೂ ಒಂದಿತ್ತು. ಆದರೆ "ಇದನ್ನು ಕಂಡು ಮೋಸಹೋಗಬೇಡಿ, ಇದು ಜಗಳವಲ್ಲ" ಎಂದು ಮಾಳಿಗೆಯ ಮೇಷ್ಟ್ರು ಎಚ್ಚರಿಸಿದ್ದರು. ಸೂಗಪ್ಪ ಜಾಣನಗೆ ನಕ್ಕು ಅದರ ಮೇಲೆ ಎರಡು ಗೀಟು ಎಳೆದ. ಉಳಿದ ಐದರಲ್ಲಿ ಯಾವುದು ಎಷ್ಟು ಖಾರದ ಜಗಳ ಎಂದು ಹೊಳೆಯಲಿಲ್ಲ. ಆಗ ಬಂತು ಆ ದಿವ್ಯ ಯೋಚನೆ: ಮನೆಯಲ್ಲೇ ವಿಶ್ವವಿದ್ಯಾಲಯವಿರುವಾಗ ನಿಘಂಟಿನ ಹಂಗೇಕೆ?

"ಭವಾನಿ, ತಕರಾರಿಗೂ ಜಗಳಕ್ಕೂ ಏನ್ ಫರಕ ಐತಿ?"

ಹೆಂಡತಿ ಜೋಳದ ಹಿಟ್ಟು ನಾದುತ್ತಿದ್ದಳು. "ಸಾರಿಗೆ ಉಪ್ಪ ಕಮ್ಮಿ ಅಂತೀರಲ್ಲ, ಅದು ತಕರಾರು. ಹಾಕೇನಿ ಅಂತ ನಾ ಅಂತೀನಲ್ಲ, ಅದು ವಾದ. ನಡುವ ನಿಮ್ಮವ್ವನ ಕೈರುಚಿ ಬಂತಂದ್ರ ಜಗಳ."

ಸೂಗಪ್ಪ ಭಕ್ತಿಯಿಂದ ಬರೆದುಕೊಂಡ. "ಇಟಾಲಿಯನ್ನ್ಯಾಗ ಜಗಳ ಆಡೋದಕ್ಕ ಲಿತಿಗಾರೆ ಅಂತಾರ."

"ಗಾರೆ ಅಂದ್ರ ತೆಲುಗರ ವಡಿ ಅಲ್ಲೇನ್ರಿ? ಹಬ್ಬಕ್ಕ ಬಾಜೂ ಮನಿಯವರು ಕೊಟ್ಟಿದ್ರಲ್ಲ!"

"ವಡಿ ಅಲ್ಲಾ, ಜಗಳ."

"ತಿನ್ನೋ ವಡಿಗೆ ಜಗಳ ಅಂದ್ರ ಆ ಊರಾಗ ಉಪವಾಸನ ಇರಬೇಕು."

"ಅದಿರಲಿ. ಸಂಬಂಧ ಕಡಕೊಳ್ಳೋದು ಅಂದ್ರ ಹ್ಯಾಂಗ? ಕಡಿಯೋದಕ್ಕ ತಾಲ್ಯಾರೆ ಅಂತಾರ. ತಾಲ್ಯಾರೆ... ತಾಲ್ಯಾರೆ..."

ಹಿಟ್ಟಿನಲ್ಲಿದ್ದ ಕೈ ಅಲ್ಲೇ ನಿಂತಿತು. "ತಾಳಿ ಯಾರಿಗೆ? ಯಾರಿಗೆ ಕಟ್ಟಾಕ ಹೊಂಟೀರಿ ತಾಳಿ?"

"ಛೇ, ಅದು ತಾಳಿ ಅಲ್ಲ..."

ಭವಾನಿ ಹಿಟ್ಟಿನ ಕೈಯಿಂದಲೇ ಹಾಳೆ ಕಿತ್ತುಕೊಂಡಳು. ಅವಳು ಪಿಯುಸಿ ಪಾಸಾದವಳು. ಇಂಗ್ಲಿಷು ಬೇಕಾದಾಗ ಬರದಿದ್ದರೂ ಬೇಡವಾದಾಗ ಚೆನ್ನಾಗಿ ಬರುತ್ತಿತ್ತು. "ಕಟ್ ಟೈಸ್! ಸೆಪರೇಟ್! ಯಾರ್ರಿ ಆಕಿ?"

"ಯಾರೂ ಇಲ್ಲ, ನಮ್ಮವ್ವನ ಆಣಿ. ಆಫೀಸಿನ ಕೆಲಸ!"

"ಸಂಬಂಧ ಕಡಿಯೋ ಆಫೀಸ ಎಲ್ಲೈತಿ? ಕಂಪ್ಯೂಟರಿಗೆ ಗಂಡ-ಹೆಂಡತಿ ಜಗಳ ಯಾಕ ಬೇಕು?"

(ಈ ಪ್ರಶ್ನೆಯನ್ನು ಸೂಗಪ್ಪ ಒಂದು ದಿನ ಮೊದಲು ತನಗೇ ಕೇಳಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಮುರಿಯುವುದಕ್ಕೆ ಇಟಾಲಿಯನ್ನಿನಲ್ಲಿ ರೊಂಪೆರೆ ಎನ್ನುತ್ತಾರೆ. ಮುಂದಿನ ಒಂದೂವರೆ ಗಂಟೆ ಆ ಮನೆಯಲ್ಲಿ ನಡೆದದ್ದು ಅಚ್ಚ ಕನ್ನಡದ ರಂಪ. ಮದುವೆಯಲ್ಲಿ ಬೀಗರಿಗೆ ಹೋಳಿಗೆ ಕಡಿಮೆ ಬಿದ್ದಲ್ಲಿಂದ ಹಿಡಿದು ಮೊನ್ನೆ ಸುಲ್ತಾನ್ ಬಜಾರಿನಲ್ಲಿ ಕೊಡಿಸದೆ ಬಂದ ಸೀರೆಯವರೆಗೆ ಎಲ್ಲವೂ ಬಂದವು. ಸೂಗಪ್ಪನಿಗೆ ಹೆದರಿಕೆಯಾಯಿತು, ಆದರೆ ಕಣ್ಣಮುಂದೆ ಐದೂ ದರ್ಜೆಯ ಜಗಳ ಸಾಲಾಗಿ ಬರುತ್ತಿರುವಾಗ ಪೆನ್ಸಿಲು ಸುಮ್ಮನಿರಲೊಲ್ಲದು.

"ನಾ ಅಳಾಕತ್ತೀನಿ, ನೀವು ಬರಕೊಳ್ಳಾಕತ್ತೀರಿ!" ಎಂದು ಭವಾನಿ ಚೀರಿದಳು. ಆಮೇಲೆ ಮಾತು ಬಿಟ್ಟಳು. ಸೂಗಪ್ಪ ಅದನ್ನೂ ಬರೆದುಕೊಂಡು ಹನ್ನೆರಡನ್ನೂ ಮುಗಿಸಿದ. ನೌಕರಿ ಕಾಯಂ ಆದ ದಿನ ಇವಳು ತಾನೇ ತಣ್ಣಗಾಗುತ್ತಾಳೆಂದು ಸಮಾಧಾನ ಮಾಡಿಕೊಂಡ.

ಗುರುವಾರ ರಾಮಕೃಷ್ಣ ಅವನನ್ನು ಕೋಣೆಗೆ ಕರೆದರು. ಅರ್ಧ ಗಂಟೆ ತೆಲುಗಿನಲ್ಲಿ ಅವರು ಹೇಳಿದ್ದರ ಸಾರ ಇಷ್ಟು. ಆ ಹನ್ನೆರಡು ಮಾತು ಬೇಕೆಂದಿದ್ದ ಇಟಲಿಯವರದು ಟೈ ಹೊಲಿಯುವ ಕಾರ್ಖಾನೆ. ಟೈ ಅಂದರೆ ಕೊರಳಿಗೆ ಕಟ್ಟುವ ಟೈ. ಕಟ್ ಟೈಸ್ ಅಂದರೆ ಟೈ ಬಟ್ಟೆ ಕತ್ತರಿಸುವುದು, ಸೆಪರೇಟ್ ಅಂದರೆ ಬಣ್ಣದ ಪ್ರಕಾರ ವಿಂಗಡಿಸುವುದು, ಬ್ರೇಕ್ ಅಂದರೆ ಚಹಾದ ಬಿಡುವು. ಇನ್ನು ಆರ್ಗ್ಯುಮೆಂಟ್ ಎಂದರೆ, ಎಷ್ಟು ಕತ್ತರಿಸಬೇಕೆಂದು ಯಂತ್ರಕ್ಕೆ ಕೊಡುವ ಅಂಕಿ. ಪ್ರೋಗ್ರಾಮ್ ಬರೆಯುವವರು ಅದನ್ನು ಹಾಗೆ ಕರೆಯುತ್ತಾರಂತೆ.

ಮಂಗಳವಾರ ಬೆಳಿಗ್ಗೆ ಕಾರ್ಖಾನೆಯ ಪರದೆಯ ಮೇಲೆ "ಸಂಬಂಧ ಕಡಿಯಿರಿ: ನಾನೂರು" ಎಂದು ಬಂತಂತೆ. ಯಾರೋ ಅಂಕಿ ಹಾಕಲು ಮರೆತಾಗ ಕೆಂಪು ಅಕ್ಷರದಲ್ಲಿ "ಜಗಳ ಕಾಣೆಯಾಗಿದೆ" ಎಂದು ಬಂತಂತೆ. ಹೊಲಿಯುವವರು ನಕ್ಕು ನಕ್ಕು ಅರ್ಧ ದಿನ ಯಂತ್ರ ಮುಟ್ಟಲಿಲ್ಲ.

"ಆರ್ಗೊಮೆಂತೊ ಅನಿ ರಾಸ್ತೇ ಸರಿಪೋಯೇದಿ ಕದಾ!" ಎಂದು ರಾಮಕೃಷ್ಣ ಹಣೆ ಚಚ್ಚಿಕೊಂಡರು. ಆರ್ಗೊಮೆಂತೊ ಎಂದು ಬರೆದಿದ್ದರೆ ಸಾಕಿತ್ತು. ಜಗಳವಲ್ಲದ ಅದೊಂದೇ ಸರಿಯಾದ ಪದವಾಗಿತ್ತು. ಸೂಗಪ್ಪ ಇನ್ನೂ ಆರು ತಿಂಗಳು ತಾತ್ಕಾಲಿಕ.

ಷೇರ್ ಆಟೋದಲ್ಲಿ ಬರುವಾಗ ಅವನಿಗೆ ಅಳು ಬಂದಿತ್ತು. ಆದರೆ ಬಾಲಾನಗರ ಬರುವ ಹೊತ್ತಿಗೆ ಇದರಲ್ಲೂ ಒಂದು ಲಾಭ ಕಂಡಿತು: ತಾನು ನಿರಪರಾಧಿ ಎಂಬುದು ಋಜುವಾತಾಯಿತಲ್ಲ! ಮನೆ ಹೊಕ್ಕವನೇ ಒಂದೇ ಉಸಿರಿಗೆ ಎಲ್ಲ ಹೇಳಿದ. ನಾಲ್ಕು ದಿನದಿಂದ ಬಿಗಿದುಕೊಂಡಿದ್ದ ಭವಾನಿ ಮೊದಲು ಬೆರಗಾದಳು, ಆಮೇಲೆ ಸೆರಗು ಬಾಯಿಗೊತ್ತಿ ನಕ್ಕಳು. ಸೂಗಪ್ಪನೂ ನಕ್ಕ.

"ಅಂದ್ರ ಆಕಿ ಯಾರೂ ಇಲ್ಲ?"

"ಇಲ್ಲ. ಬರೇ ಕೊರಳಿನ ಟೈ."

"ಹಂಗಾರ ಭಾನುವಾರ ಆಡಿದ ಜಗಳ?"

"ಅದು ಲೆಕ್ಕಕ್ಕಿಲ್ಲ ಬಿಡು."

"ಖರೇನ ಲೆಕ್ಕಕ್ಕಿಲ್ಲ?"

"ಖರೇ," ಎಂದ ಸೂಗಪ್ಪ ಉದಾರವಾಗಿ.

ಭವಾನಿ ಎದ್ದು ಬಾಜೂ ಮನೆಯವರಿಗೆ ಕೇಳಿಸದಂತೆ ಬಾಗಿಲು ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ಕೂತಳು.

"ನಿಮ್ಮ ನೌಕರಿ ಕಾಯಂ ಆಗತೈತಿ ಅಂತ ಇಡೀ ತವರಮನಿಗೆ ಹೇಳೇನಿ ನಾ. ಕೂಡ್ರಿ. ಈಗಿಂದು ಲೆಕ್ಕಕ್ಕೈತಿ."