ಪಾಚಿಗೂ ಹಬ್ಬದೂಟ

ಪಾಚಿ ಸಾಕುವವಳ ಬದುಕಿನಲ್ಲಿ ನಗುವಿಗೆ ಬರವಿಲ್ಲ. ನಾನು ಸುಮ್ಮನಿದ್ದರೂ ಯಾರಾದರೂ ಬಂದು ಒಂದು ಪ್ರಸಂಗ ಮಾಡಿಟ್ಟು ಹೋಗುತ್ತಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಾ, ಹಿಂದಿನ ಪುಟ್ಟ ಕೋಣೆಯಲ್ಲಿ ಕೆರೆಯ ಪಾಚಿಯನ್ನು ಬಾಟಲಿಗಳಲ್ಲಿ ಬೆಳೆಸುತ್ತಿದ್ದೆ. ಬಿಸಿಲಿದ್ದರೆ ಪಾಚಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರಿನಲ್ಲಿ ಸಕ್ಕರೆ ಕರಗಿದ್ದರೆ ಅದನ್ನೂ ಬಿಡುವುದಿಲ್ಲ. ಮನೆಯಲ್ಲಿ ಉಂಡು ಬಂದು ನೆಂಟರ ಪಂಕ್ತಿಯಲ್ಲೂ ಕೂರುವ ಜಾತಿ. ಅದನ್ನು ತೋರಿಸಿಕೊಡುವುದೇ ನನ್ನ ಕೆಲಸ.

ಕೆರೆ ಏರಿ

ಕುಕ್ಕರಹಳ್ಳಿ ಕೆರೆಯ ಅಂಚಿನಲ್ಲಿ ಸೆರಗು ಸಿಕ್ಕಿಸಿ ಬಗ್ಗಿದ್ದೆ. ಗಾಳಿ ಸೇವನೆಗೆ ಬಂದಿದ್ದ ಹಿರಿಯರೊಬ್ಬರು ಏರಿಯಿಂದ ಓಡಿಬಂದರು. "ಬೇಡಮ್ಮಾ! ಎಂಥಾ ಕಷ್ಟ ಇದ್ರೂ ಕೂತು ಮಾತಾಡೋಣ."

"ಕಷ್ಟ ಏನಿಲ್ಲ ಸ್ವಾಮಿ, ಪಾಚಿ ಬೇಕಿತ್ತು."

ಅವರು ನನ್ನನ್ನೂ ಬಾಟಲಿಯನ್ನೂ ನೋಡಿ, ಇನ್ನಷ್ಟು ಮರುಕದಿಂದ ಕೇಳಿದರು: "ಯಾಕಮ್ಮ, ನಿಮ್ಮನೇಲಿ ಬಚ್ಚಲಿಲ್ವೇ?"

ಸಕ್ಕರೆ

ಆಗ ಸಕ್ಕರೆ ರೇಷನ್ನಿನದು. ನಾನು ಒಂದು ಹಿಡಿ ಪೊಟ್ಟಣ ಕಟ್ಟುವುದನ್ನು ಅತ್ತೆ ನೋಡಿದರು.

"ಯಾರಿಗೆ?"

"ಪಾಚಿಗೆ, ಅತ್ತೆ."

ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದರು. ಸಂಜೆ ನಮ್ಮ ಪ್ರಿನ್ಸಿಪಾಲರು ಮನೆಗೆ ಬಂದು, "ದಸರಾ ರಜೆ ಮುಗಿದ ದಿನವೇ ಇನ್ಸ್‌ಪೆಕ್ಷನ್ ಕಣ್ರೀ. ತೋರಿಸೋಕೆ ಏನೂ ಇಲ್ಲದಿದ್ರೆ ನಿಮ್ಮ ಕೋಣೆ ಹೊಲಿಗೆ ಮಿಷನ್ನುಗಳಿಗೆ ಹೋಗುತ್ತೆ" ಎಂದರು. ಅತ್ತೆ ಅವರ ಕೈಗೆ ಬೆಲ್ಲದ ಕಾಫಿ ಕೊಟ್ಟರು. "ಬೇಜಾರು ಮಾಡ್ಕೋಬೇಡಿ. ನೀವೂ ಸ್ವಲ್ಪ ಹಸಿರಾಗಿದ್ದಿದ್ರೆ ಸಕ್ಕರೆ ಸಿಗ್ತಿತ್ತು."

ಆಯುಧಪೂಜೆ

ಕಿಟಕಿಯ ಬಿಸಿಲಿಗೆ ಎರಡು ಸಾಲು ಬಾಟಲಿ ಇಟ್ಟೆ. ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಬರೀ ನೀರು, ಮೇಲೆ 'ಊಟವಿಲ್ಲ' ಎಂಬ ಚೀಟಿ. ಸಕ್ಕರೆಯ ಸಾಲು ಗೆದ್ದೇ ಗೆಲ್ಲುತ್ತದೆಂದು ನಿಶ್ಚಿಂತೆಯಿಂದ ರಜೆಗೆ ಹೋದೆ.

ರಜೆ ಮುಗಿದ ದಿನ ಇನ್ಸ್‌ಪೆಕ್ಟರು ಬಂದು, ಕನ್ನಡಕ ಏರಿಸಿ ಬಾಟಲಿಗಳತ್ತ ಬಗ್ಗಿದರು. "ಏನಮ್ಮಾ, ಉಪವಾಸ ಇದ್ದವೇ ಮೈ ತುಂಬಿಕೊಂಡಿವೆಯಲ್ಲ?"

ನಿಜ! ನನ್ನ ಕಿವಿಯಲ್ಲಿ ಆಗಲೇ ಹೊಲಿಗೆ ಮಿಷನ್ನು ಕಟಕಟ ಎನ್ನತೊಡಗಿತು. ಬಾಗಿಲಲ್ಲಿದ್ದ ಅಟೆಂಡರ್ ಹೆಮ್ಮೆಯಿಂದ ಮುಂದೆ ಬಂದ. "ಆಯುಧಪೂಜೆ ದಿನ ಎಲ್ಲಾ ಬಾಟ್ಲಿಗೂ ಕುಂಕುಮ ಇಟ್ಟೆ ಸಾ. ಈ ಸಾಲಿಗೆ ಊಟ ಇಲ್ಲ ಅಂತ ಬರ್ದಿತ್ತು. ಹಬ್ಬದ ದಿನ ಯಾರಾದ್ರೂ ಉಪವಾಸ ಕೆಡವ್ತಾರಾ? ಒಂದೊಂದು ಚಮಚ ಪಂಚಾಮೃತ ಹಾಕ್ಬುಟ್ಟೆ."

ನಾನು ಬಿಡುವವಳೇ? "ನೋಡಿ ಸಾರ್, ಊಟ ಹಾಕಿದ್ರೆ ಇನ್ನೂ ಬೆಳೀತವೆ ಅಂತಲೇ ನಾನೂ ಹೇಳ್ತಿರೋದು. ಸಕ್ಕರೆಗೆ ಇಷ್ಟು, ಪಂಚಾಮೃತಕ್ಕೆ ಅಷ್ಟು!"

ಇನ್ಸ್‌ಪೆಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೋಣೆ ನಿಮಗೇ ಇರಲಿ. ಮುಂದಿನ ಹಬ್ಬಕ್ಕೆ ಮಾತ್ರ ಬೀಗ ಹಾಕಿಸಿ."

ಅಟೆಂಡರ್ ಸೊಂಟದ ಗೊಂಚಲು ತೆಗೆದು ಝಣಝಣ ಅಲ್ಲಾಡಿಸಿದ. "ಅದ್ಕೇನ್ ಸಾ, ಹಾಕ್ಸಿ. ಬೀಗದ ಕೈ ನನ್ ತಾವೇ ಇರೋದು!"